ಪೌಂಡ್ ಗುರುತಿನ ಕನ್ನಡ

ನಮ್ಮ ಓಣಿಯ ಕಾಕಾ ಒಬ್ಬರ ಮನೆಯಲ್ಲಿ ಮಗಳ ಮದುವೆ. ಚಿಟಗುಪ್ಪದ ಒಂದು ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆಯ ಮ್ಯಾಟರ್ ಟೈಪಾಗಿತ್ತು. ‘ಒಮ್ಮೆ ನೋಡಿ ಹೇಳ್ರಿ’ ಎಂದು ಅಂಗಡಿಯ ಹುಡುಗ ಫೈಲನ್ನು ವಾಟ್ಸಾಪಿಗೆ ಕಳಿಸಿದ್ದ. ಕಾಕಾ ತೆರೆದು ನೋಡಿದರೆ ವರನ ಹೆಸರೂ ಇಲ್ಲ, ವಧುವಿನ ಹೆಸರೂ ಇಲ್ಲ, ಮುಹೂರ್ತವೂ ಇಲ್ಲ. ಪುಟದ ತುಂಬ ಪೌಂಡ್ ಗುರುತುಗಳು, ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ‘ಎ’ಗಳು. ‘ಏ ತಮ್ಮಾ, ಇದು ನಮ್ಮ ಬೀಗರ ಹೆಸರೋ, ವಿಲಾಯತಿ ರೊಕ್ಕದ ಲೆಕ್ಕವೋ?’ ಎಂದು ಫೋನಿನಲ್ಲೇ ಕೇಳಿದರು. ಹುಡುಗನ ಬಳಿ ಉತ್ತರ ಸಿದ್ಧವಿತ್ತು: ‘ಮೊಬೈಲ್‌ನಾಗ ನುಡಿ ಬರಲ್ಲ ಕಾಕಾ. ಕನ್ನಡ ಬೇಕಂದ್ರ ವಿಂಡೋಸೇ ಬೇಕು.’

ಕಾಕಾ ಒಪ್ಪಿಕೊಂಡರು. ನನಗೆ ಒಪ್ಪಿಗೆಯಾಗಲಿಲ್ಲ. ಅದೇ ಫೋನಿನಲ್ಲಿ ಅವತ್ತು ಬೆಳಿಗ್ಗೆಯಿಂದ ಒಂದು ವಚನ, ನಾಲ್ಕು ಶುಭೋದಯ, ತೊಗರಿಯ ಧಾರಣೆ, ಯಾರದೋ ಶ್ರದ್ಧಾಂಜಲಿ ಎಲ್ಲವೂ ಕನ್ನಡದಲ್ಲೇ ಬಂದಿದ್ದವು, ಕಾಕಾ ಎಲ್ಲವನ್ನೂ ಓದಿದ್ದರು. ದಿನವಿಡೀ ಕನ್ನಡ ಓದಿಸುವ ಫೋನು ಲಗ್ನಪತ್ರಿಕೆ ಬಂದ ಕೂಡಲೇ ಕನ್ನಡ ಮರೆತುಬಿಟ್ಟಿತೆ?

ನಮ್ಮ ಕಡೆ ಚಹಾದಂಗಡಿಯ ಕಟ್ಟೆಯ ಮೇಲೆ ಈ ಯಂತ್ರಗಳ ಬಗ್ಗೆ ಮೂರು ಮಾತು ಕಲ್ಲಿನಲ್ಲಿ ಕೊರೆದಂತೆ ನಿಂತಿವೆ. ಕನ್ನಡದ ಕೆಲಸಕ್ಕೆ ವಿಂಡೋಸ್ ಬಿಟ್ಟರೆ ಗತಿಯಿಲ್ಲ. ಆಂಡ್ರಾಯ್ಡ್ ಬಡವರ ಪಾಲಿನದು, ಐಫೋನ್ ತೋರಿಕೆಯವರದು. ಲಿನಕ್ಸ್ ಎಂಜಿನಿಯರುಗಳಿಗೆ ಮಾತ್ರ. ನಾನು ಈ ಹುಚ್ಚು ಹತ್ತಿಸಿಕೊಂಡು ಬಹಳ ವರ್ಷವಾಯಿತು. ನೋಕಿಯಾದ ಸಿಂಬಿಯನ್ ಸಾಯುವುದನ್ನು ನೋಡಿದೆ, ವಿಂಡೋಸ್ ಫೋನ್ ಬಂದು ಹೋಗುವುದನ್ನು ನೋಡಿದೆ, ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ ರಾತ್ರಿ ಕಳೆದೆ. ಅಷ್ಟೆಲ್ಲ ಆದಮೇಲೆ ಹೇಳುತ್ತಿದ್ದೇನೆ: ಈ ಮೂರು ಮಾತುಗಳೂ ಕಂಪನಿಯ ಹೆಸರು ನೋಡಿ ಹುಟ್ಟಿದವು. ನಮ್ಮನ್ನು ಕಟ್ಟಿಹಾಕಿದ ಹಗ್ಗವನ್ನು ಮೈಕ್ರೋಸಾಫ್ಟ್ ಹೊಸೆದಿಲ್ಲ, ಗೂಗಲ್ಲೂ ಆಪಲ್ಲೂ ಹೊಸೆದಿಲ್ಲ. ಅದನ್ನು ಹೊಸೆದವರು ನಾವು, ಗಂಟು ಹಾಕಿ ಕುಳಿತವರೂ ನಾವೇ.

ಆ ಗಂಟನ್ನು ಬಿಡಿಸಿ ನೋಡೋಣ. ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ನುಡಿ ಮತ್ತು ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇದನ್ನು ಟೈಪ್ ಮಾಡಿದರೆ ಕಂಪ್ಯೂಟರಿನ ಒಳಗೆ ಉಳಿಯುವುದು ಏಳು ಗುರುತು: ಇಂಗ್ಲಿಷಿನ ಪಿ, ಓರೆಗೀಟಿನ ಎ, ಪೌಂಡ್, ಮತ್ತೆ ಓರೆಗೀಟಿನ ಎ, ಜರ್ಮನ್ನರ ಎಸ್ಸೆಟ್, ಇಂಗ್ಲಿಷಿನ ಕ್ಯೂ, ಮಗದೊಮ್ಮೆ ಓರೆಗೀಟಿನ ಎ. ಪಿ ಇರುವಲ್ಲಿ ತಲೆಕಟ್ಟಿಲ್ಲದ ಕಕಾರದ ಚಿತ್ರ ಕೂರಿಸಿದ್ದಾರೆ, ಪೌಂಡಿನ ಜಾಗದಲ್ಲಿ ತಲೆಕಟ್ಟಿಲ್ಲದ ನಕಾರ, ಓರೆಗೀಟಿನ ಎ ಇರುವಲ್ಲಿ ಬರೀ ತಲೆಕಟ್ಟು, ಎಸ್ಸೆಟ್ಟಿನ ಜಾಗದಲ್ಲಿ ನಾವತ್ತು. ಆ ಫಾಂಟು ಇರುವ ಕಂಪ್ಯೂಟರಿನಲ್ಲಿ ಈ ಚಿತ್ರಗಳು ಕೂಡಿಕೊಂಡು ಕನ್ನಡದ ಹಾಗೆ ಕಾಣುತ್ತವೆ. ಫಾಂಟು ಇಲ್ಲದ ಕಡೆ ವೇಷ ಕಳಚಿ ಒಳಗಿನ ಇಂಗ್ಲಿಷ್ ಹೊರಬೀಳುತ್ತದೆ. ಕಾಕಾನ ಫೋನಿನಲ್ಲಿ ಆದದ್ದು ಅದೇ. ಫೋನು ಕನ್ನಡ ಮರೆತಿರಲಿಲ್ಲ. ಕಳಿಸಿದ ಫೈಲಿನಲ್ಲಿ ಕನ್ನಡದ ಒಂದಕ್ಷರವೂ ಇರಲಿಲ್ಲ.

ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದೇ ಪದ ಐದು ಗುರುತು: ಕ, ನ, ಹಲಂತ, ನ, ಡ. ಒಂದೊಂದೂ ಕನ್ನಡದ್ದೇ, ಬೇರೆ ಯಾವ ಲಿಪಿಯೂ ಆ ಸಂಖ್ಯೆಗಳನ್ನು ಮುಟ್ಟುವಂತಿಲ್ಲ. 1991ರ ಮೊದಲ ಆವೃತ್ತಿಯಲ್ಲೇ ಯೂನಿಕೋಡ್ ಕನ್ನಡಕ್ಕೆ 128 ಮನೆಗಳನ್ನು ಬಿಟ್ಟುಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಯೂನಿಕೋಡ್ ಕನ್ನಡ ಫಾಂಟನ್ನು ತನ್ನೊಳಗೇ ಹೊತ್ತು ತಂದಿತು. ಅಂದರೆ ನಮ್ಮ ಅಂಗಡಿಗಳಲ್ಲಿ ಪೌಂಡ್ ಗುರುತಿನ ಕನ್ನಡವನ್ನು ಸಾಕಿದ ವಿಂಡೋಸಿನಲ್ಲೇ ಅಸಲಿ ಕನ್ನಡವೂ ಇತ್ತು. ಅದನ್ನು ಯಾರೂ ಮಾತಾಡಿಸಲಿಲ್ಲ, ಅಷ್ಟೆ.

ಇಲ್ಲಿ ನುಡಿಗೆ ಅನ್ಯಾಯ ಮಾಡಬಾರದು. ಅದಕ್ಕೂ ಮೊದಲು ಒಂದೊಂದು ಕಂಪನಿಯ ಫಾಂಟಿಗೆ ಒಂದೊಂದು ಸಂಕೇತ. ಒಬ್ಬರ ಫೈಲು ಇನ್ನೊಬ್ಬರಲ್ಲಿ ತೆರೆಯುತ್ತಿರಲಿಲ್ಲ. ಕನ್ನಡ ಗಣಕ ಪರಿಷತ್ತು ನುಡಿಯನ್ನು ರೂಪಿಸಿತು, ಸರ್ಕಾರ ಉಚಿತವಾಗಿ ಹಂಚಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ಬರಹ ಮನೆಮನೆಗೆ ಹೋಯಿತು. ಎರಡರ ಸಂಕೇತವೂ ಒಂದೇ ಆದದ್ದರಿಂದ ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ಓದಿಸಿಕೊಂಡಿತು. ತಾಲೂಕು ಕಚೇರಿಯ ಗುಮಾಸ್ತರಿಂದ ಹಿಡಿದು ಪತ್ರಿಕೆಗಳವರೆಗೆ ಎಲ್ಲರನ್ನೂ ಕೀಲಿಮಣೆಯ ಮುಂದೆ ಕೂರಿಸಿದ ಪುಣ್ಯ ಆ ತಂತ್ರಾಂಶಗಳದು. ನದಿ ದಾಟಿಸಿದ ತೆಪ್ಪ ಅದು. ನಾವು ದಾಟಿ ಆಚೆ ದಡ ಸೇರಿದ ಮೇಲೂ ತೆಪ್ಪವನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದೇವೆ ಎಂಬುದಷ್ಟೇ ನನ್ನ ತಕರಾರು.

ಯಾಕೆ ಹೊತ್ತಿದ್ದೇವೆ? ‘ನುಡಿ’ ಎಂಬ ಒಂದೇ ಹೆಸರಿನಲ್ಲಿ ನಾವು ಮೂರು ವಸ್ತುಗಳನ್ನು ಕಲಸಿಬಿಟ್ಟಿದ್ದೇವೆ. ಒಂದು, ಬೆರಳಿಗೆ ಕೂತಿರುವ ಕೀಲಿಮಣೆಯ ವಿನ್ಯಾಸ. ಎರಡು, ಫೈಲಿನೊಳಗಿನ ಹಳೆಯ ಸಂಕೇತ. ಮೂರು, ವಿಂಡೋಸಿನಲ್ಲಿ ಹಾಕಿಕೊಳ್ಳುವ ತಂತ್ರಾಂಶ. ಟೈಪ್ ಮಾಡುವವರು ‘ನುಡಿ ಬಿಡಕ್ಕಾಗಲ್ಲರಿ’ ಎಂದರೆ ಅವರ ಮನಸ್ಸಿನಲ್ಲಿರುವುದು ಮೊದಲನೆಯದು, ಬೆರಳಿನ ರೂಢಿ. ಆದರೆ ಆ ವಿನ್ಯಾಸ ನುಡಿಯ ಸ್ವಂತ ಆಸ್ತಿಯಲ್ಲ. ಅದನ್ನು ರೂಪಿಸಿದವರು ಕೆ.ಪಿ. ರಾವ್. ಕೆ ಒತ್ತಿದರೆ ಕ, ಎನ್ ಒತ್ತಿದರೆ ನ, ಒತ್ತಕ್ಷರಕ್ಕೆ ನಡುವೆ ಎಫ್. ಕೆ, ಎನ್, ಎಫ್, ಎನ್, ಡಬ್ಲ್ಯು: ಐದು ಒತ್ತಿಗೆ ‘ಕನ್ನಡ’ ಸಿದ್ಧ. ಯೂನಿಕೋಡಿನ ಐದು ಗುರುತಿಗೆ ಬೆರಳಿನ ಐದು ಒತ್ತು, ಲೆಕ್ಕ ಸರಿಯಾಗಿ ಕೂಡುತ್ತದೆ. ಈ ವಿನ್ಯಾಸ ಈಗ ಉಬುಂಟುವಿನಂಥ ಲಿನಕ್ಸಿನಲ್ಲಿ ‘ಕಗಪ’ ಎಂಬ ಹೆಸರಿನಲ್ಲಿ ಕೂತಿದೆ. ಅಂತರ್ಜಾಲದಿಂದ ಏನೂ ಇಳಿಸಿಕೊಳ್ಳಬೇಕಿಲ್ಲ, ಸೆಟ್ಟಿಂಗಿನಲ್ಲಿ ಆರಿಸಿಕೊಂಡರೆ ಸಾಕು.

ಇದಕ್ಕೆ ವಿಂಡೋಸನ್ನು ಹೋಲಿಸಿ ನೋಡಿ. ಅದರೊಳಗೆ ಬಹಳ ಕಾಲ ಇದ್ದದ್ದು ಇನ್‌ಸ್ಕ್ರಿಪ್ಟ್ ಕೀಲಿಮಣೆ, ನಮ್ಮಲ್ಲಿ ಅದರ ರೂಢಿ ಇದ್ದವರು ಕಡಿಮೆ. ಉಚ್ಚಾರಕ್ಕೆ ತಕ್ಕಂತೆ ಇಂಗ್ಲಿಷ್ ಅಕ್ಷರ ಒತ್ತುವ ಕನ್ನಡ ಕೀಲಿಮಣೆಯನ್ನು ಅದು ಸೇರಿಸಿಕೊಂಡದ್ದು 2019ರ ವಿಂಡೋಸ್ 10 ಪರಿಷ್ಕರಣೆಯಲ್ಲಿ, ಅದೂ ಕೆ.ಪಿ. ರಾವ್ ವಿನ್ಯಾಸವಲ್ಲ. ಹಾಗಾದರೆ ‘ಕನ್ನಡಕ್ಕೆ ವಿಂಡೋಸೇ ಬೇಕು’ ಎಂಬ ಮಾತಿನಲ್ಲಿ ಎಷ್ಟು ಹುರುಳಿದೆ? ಕನ್ನಡಿಗರ ಬೆರಳಿನ ರೂಢಿಯನ್ನು ಮನೆಯೊಳಗೆ ಕರೆದು ಮಣೆ ಹಾಕಿದ್ದು ಲಿನಕ್ಸು.

ಈ ಕಥೆ ಕನ್ನಡದ್ದೊಂದೇ ಆಗಿದ್ದರೆ ನಮ್ಮ ಸೋಮಾರಿತನ ಎಂದು ಮುಗಿಸಬಹುದಿತ್ತು. ಚಿಟಗುಪ್ಪದಲ್ಲಿ ಕುಳಿತರೆ ಹಾಗೆ ಮುಗಿಸಲು ಬರುವುದಿಲ್ಲ. 1956ರ ತನಕ ಇದು ಹೈದರಾಬಾದ್ ರಾಜ್ಯದ ನೆಲ, ನಿಜಾಮರ ಕಾಲದ ಆಡಳಿತದ ಭಾಷೆ ಉರ್ದು. ಇವತ್ತೂ ಇಲ್ಲಿನ ಬಾಯಲ್ಲಿ ಕನ್ನಡ, ದಖನಿ, ಮರಾಠಿ, ತೆಲುಗು ಒಂದರ ಹೆಗಲ ಮೇಲೆ ಒಂದು ಕೈ ಹಾಕಿಕೊಂಡು ನಡೆಯುತ್ತವೆ. ಕನ್ನಡದ ಲಗ್ನಪತ್ರಿಕೆ ನುಡಿಯಲ್ಲಿ ಸಿಕ್ಕಿಬಿದ್ದ ಹಾಗೆ ಉರ್ದುವಿನ ಶಾದಿಯ ಕಾರ್ಡು ಹಳೆಯ ಇನ್‌ಪೇಜಿನಲ್ಲಿ ಸಿಕ್ಕಿಬಿದ್ದಿದೆ. ಇನ್‌ಪೇಜ್ 1994ರಲ್ಲಿ ಬಂದದ್ದು, ತಯಾರಿಸಿದ ಕಂಪನಿ ದಿಲ್ಲಿಯದು. ಮರಾಠಿಗೆ ಪುಣೆಯ ಶ್ರೀಲಿಪಿ, ಅದರ ಹಳೆಯ ಫಾಂಟುಗಳದೂ ಬೇರೆಯೇ ಸಂಕೇತ. ಬೆಂಗಳೂರಿನದೊಂದು ಬೀಗ, ದಿಲ್ಲಿಯದೊಂದು, ಪುಣೆಯದೊಂದು. ಮೂರೂ ಒಳ್ಳೆಯ ಉದ್ದೇಶದವು, ಮೂರೂ ಸ್ವದೇಶಿ. ಬೈಗುಳವನ್ನು ಮಾತ್ರ ನಾವು ಅಮೆರಿಕಕ್ಕೆ ಕಳಿಸುತ್ತೇವೆ.

ಇನ್ನು ಫೋನಿನ ಜಗಳ. ಆಂಡ್ರಾಯ್ಡಿನ ಭಕ್ತರ ಬಳಿ ಒಂದು ಗಟ್ಟಿ ಸಾಕ್ಷಿಯಿದೆ. 2014ರ ಆಂಡ್ರಾಯ್ಡ್ 5.0 ಕನ್ನಡವನ್ನು ಫೋನಿನ ಆಡಳಿತ ಭಾಷೆಗಳ ಸಾಲಿಗೆ ಸೇರಿಸಿತು. ಸೆಟ್ಟಿಂಗ್, ಮೆನು, ಸೂಚನೆ ಎಲ್ಲವೂ ಕನ್ನಡದಲ್ಲಿ. ಐಫೋನ್ ತನ್ನದೇ ಕನ್ನಡ ಕೀಲಿಮಣೆ ಕೊಟ್ಟದ್ದು 2017ರಲ್ಲಿ, ಇಡೀ ಫೋನು ಕನ್ನಡದಲ್ಲಿ ಮಾತಾಡಲು ಕಲಿತದ್ದು 2025ರಲ್ಲಿ. ಹನ್ನೊಂದು ವರ್ಷದ ಅಂತರ. ಲಕ್ಷದ ಹತ್ತಿರದ ಬೆಲೆ ಹೇಳುವ ಫೋನಿಗೆ ಇದು ಶೋಭೆಯಲ್ಲ. 2018ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರದ ಒಂದು ವಿಶಿಷ್ಟ ಜೋಡಣೆ ಸಂದೇಶದಲ್ಲಿ ಬಂದರೆ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಆಪಲ್ ಅದೇ ತಿಂಗಳು ಸರಿಪಡಿಸಿತು, ನಿಜ. ಆದರೂ ನಮ್ಮಿಂದ ಹೆದ್ದಾರಿ ಹಿಡಿದು ಗಡಿ ದಾಟಿದರೆ ಸಿಗುವ ಜಹೀರಾಬಾದಿನ ಮಗು ಶಾಲೆಯಲ್ಲಿ ಬರೆಯುವ ವಿಜ್ಞಾನದ ‘ಜ್ಞಾ’ವನ್ನೇ ಹೋಲುವ ಅಕ್ಷರವನ್ನು ಅಷ್ಟು ದುಬಾರಿ ಯಂತ್ರ ತಡೆದುಕೊಳ್ಳಲಿಲ್ಲ ಎಂಬುದು ನೆನಪಿನಲ್ಲಿರಲಿ.

ಇಷ್ಟಕ್ಕೇ ತೀರ್ಪು ಕೊಟ್ಟರೆ ನಮ್ಮ ಓಣಿಯ ಅರ್ಧ ಜನರನ್ನು ಮರೆತಂತೆ. ಉರ್ದು ಓದುವವರಿಗೆ ನಸ್ತಾಲೀಕ್ ಎಂದರೆ ಬರೀ ಅಂದದ ಫಾಂಟಲ್ಲ, ಕಣ್ಣಿಗೆ ಕೂತ ಬರವಣಿಗೆಯೇ ಅದು. ಅಕ್ಷರಗಳು ಬಲದಿಂದ ಎಡಕ್ಕೆ ಮೇಲಿನಿಂದ ಕೆಳಕ್ಕೆ ಜಾರುತ್ತ ಬರಬೇಕು. ಬಹುತೇಕ ಆಂಡ್ರಾಯ್ಡ್ ಫೋನುಗಳು ಉರ್ದುವನ್ನು ಅರಬ್ಬಿಯ ನಸ್ಖ್ ಶೈಲಿಯಲ್ಲಿ ಚಪ್ಪಟೆಯಾಗಿ ತೋರಿಸುತ್ತವೆ. ಗೂಗಲ್ಲೇ ನೋಟೋ ನಸ್ತಾಲೀಕ್ ಎಂಬ ಮುಕ್ತ ಫಾಂಟನ್ನು ಮಾಡಿಸಿತ್ತು. ಅದನ್ನು 2017ರಲ್ಲಿ ಎತ್ತಿಕೊಂಡು ತನ್ನ ಫೋನಿನ ಉರ್ದುವಿಗೆ ತೊಡಿಸಿದ್ದು ಆಪಲ್. ಆಂಡ್ರಾಯ್ಡಿನ ತವರಿನಲ್ಲಿ ಹುಟ್ಟಿದ ಅಕ್ಷರ ಐಫೋನಿನ ಮನೆಯಲ್ಲಿ ಬಾಳುತ್ತಿದೆ. ಹೀಗಾಗಿ ಒಂದೇ ಓಣಿಯಲ್ಲಿ ಕನ್ನಡ ಓದುವ ಕಾಕಾನಿಗೆ ಆಂಡ್ರಾಯ್ಡ್ ಮೇಲು, ಉರ್ದು ಓದುವ ಚಾಚಾನಿಗೆ ಐಫೋನ್ ಮೇಲು. ಬಡವ ಬಲ್ಲಿದ ಎಂಬ ಗೆರೆ ಎಳೆದವರಿಗೆ ಇದು ಕಾಣುವುದಿಲ್ಲ, ಅವರು ಫೋನಿನ ಬೆನ್ನನ್ನು ನೋಡುತ್ತಾರೆ, ಮುಖ ನೋಡುವುದಿಲ್ಲ.

‘ಆಂಡ್ರಾಯ್ಡ್ ಮುಕ್ತ, ಐಫೋನ್ ಜೈಲು’ ಎಂಬ ಮಾತನ್ನೂ ಸ್ವಲ್ಪ ತಿರುವಿ ಹಾಕಬೇಕು. ಆಂಡ್ರಾಯ್ಡಿನ ಮೂಲ ಸಂಕೇತ ಮುಕ್ತ ಎನ್ನುವುದು ಸುಳ್ಳಲ್ಲ. ಆ ಮುಕ್ತತೆ ಫೋನು ಮಾಡುವ ಕಂಪನಿಗಳ ತನಕ ಬಂದು ನಿಂತುಬಿಡುತ್ತದೆ. ಹುಮನಾಬಾದಿನ ಅಂಗಡಿಯಲ್ಲಿ ಎಂಟು ಸಾವಿರ ಕೊಟ್ಟು ತಂದ ಫೋನಿನಲ್ಲಿ ನಮಗೆ ಬೇಡವಾದ ಹತ್ತು ಆ್ಯಪ್‌ಗಳು ಇರುತ್ತವೆ, ಅವುಗಳಲ್ಲಿ ಕೆಲವನ್ನು ತೆಗೆಯಲೂ ಬರುವುದಿಲ್ಲ. ಒಂದೆರಡು ವರ್ಷಕ್ಕೆ ಹೊಸ ಆವೃತ್ತಿಯ ಹಾದಿ ಮುಚ್ಚುತ್ತದೆ. 2022ರ ಅಕ್ಟೋಬರಿನಲ್ಲಿ ಭಾರತದ ಸ್ಪರ್ಧಾ ಆಯೋಗ ಗೂಗಲ್ಲಿಗೆ 1,337.76 ಕೋಟಿ ರೂಪಾಯಿ ದಂಡ ಹಾಕಿದ್ದು ಇದೇ ‘ಮುಕ್ತ’ ಆಂಡ್ರಾಯ್ಡಿನ ಸುತ್ತ ಕಟ್ಟಿದ ಕಟ್ಟುಪಾಡುಗಳಿಗಾಗಿ. ಅತ್ತ 2015ರ ಐಫೋನ್ 6ಎಸ್ 2021ರ ಆವೃತ್ತಿಯನ್ನೂ ಪಡೆಯಿತು. ವರ್ಷದ ಲೆಕ್ಕ ಹಾಕಿದರೆ ‘ತೋರಿಕೆ’ಯ ಫೋನಿನ ಬೆಲೆ ಕಟ್ಟೆಯ ಮೇಲೆ ಹೇಳುವಷ್ಟು ದುಬಾರಿಯಲ್ಲ, ‘ಬಡವರ’ ಫೋನು ಅಷ್ಟು ಅಗ್ಗವೂ ಅಲ್ಲ.

ಮೂರನೆಯ ಮಾತು ಲಿನಕ್ಸಿನದು. ‘ಅದು ಎಂಜಿನಿಯರುಗಳ ಆಟದ ಸಾಮಾನು’ ಎನ್ನುವವರ ಜೇಬಿನಲ್ಲಿರುವ ಆಂಡ್ರಾಯ್ಡ್ ನಿಂತಿರುವುದೇ ಲಿನಕ್ಸಿನ ತಿರುಳಿನ ಮೇಲೆ. ಆ ಮಾತು ಹಳೆಯದಾಯಿತು. ನನ್ನನ್ನು ಹೆಚ್ಚು ಕಾಡುವ ಸಾಕ್ಷಿ ಬೇರೆ ಕಡೆಯದು. 1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, ಅದೇ ದಿನ ಕಾಸರಗೋಡು ಕೇರಳದ ಪಾಲಾಯಿತು. ನಾವು ಒಳಗೆ ಬಂದೆವು, ಅವರು ಹೊರಗೆ ಉಳಿದರು. ಕೇರಳದ ಐಟಿ@ಸ್ಕೂಲ್ ಯೋಜನೆ (2017ರಿಂದ ಅದರ ಹೆಸರು ಕೈಟ್) ಈ ಶತಮಾನದ ಮೊದಲ ದಶಕದಲ್ಲೇ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳನ್ನು ಲಿನಕ್ಸಿನ ದಾರಿಗೆ ಹಚ್ಚಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕನ್ನಡದ ಐಟಿ ಪಾಠಪುಸ್ತಕ ಹಿಡಿದು ಅದೇ ಲಿನಕ್ಸಿನಲ್ಲಿ ಕಲಿತು ಎಸ್ಸೆಸ್ಸೆಲ್ಸಿ ಮುಗಿಸುತ್ತಾರೆ. ಆ ಮಕ್ಕಳು ಎಂಜಿನಿಯರುಗಳಲ್ಲ. ಅವರಲ್ಲಿ ಅಡಿಕೆ ತೋಟದವರ ಮಕ್ಕಳಿದ್ದಾರೆ, ಬೀಡಿ ಕಟ್ಟುವವರ ಮಕ್ಕಳಿದ್ದಾರೆ. ರಾಜ್ಯದ ಹೊರಗುಳಿದ ಕನ್ನಡದ ಮಗುವಿಗೆ ಸಾಧ್ಯವಾದದ್ದು ರಾಜ್ಯದ ಒಳಗಿನ ನಮಗೆ ಅಸಾಧ್ಯ ಎಂದರೆ ಯಾರು ನಂಬಬೇಕು?

ಎದುರು ವಾದಗಳಿವೆ, ಅವು ಹಗುರವೂ ಅಲ್ಲ. ಅಂಗಡಿಯವರ ಹೊಟ್ಟೆಪಾಡು ಲೆಕ್ಕಪತ್ರದ ಟ್ಯಾಲಿಯಲ್ಲಿದೆ, ಬೆರಳಚ್ಚು ತೆಗೆದುಕೊಳ್ಳುವ ಯಂತ್ರದಲ್ಲಿದೆ, ಹಳೆಯ ಪ್ರಿಂಟರಿನಲ್ಲಿದೆ. ಇವು ಲಿನಕ್ಸಿನಲ್ಲಿ ಸಲೀಸಾಗಿ ಓಡುತ್ತವೆ ಎಂದು ನಾನು ಆಣೆ ಮಾಡಲಾರೆ. ಅಂಥವರು ವಿಂಡೋಸಿನಲ್ಲೇ ಇರಲಿ. ಅಚ್ಚಿನ ಕೆಲಸದವರ ಕಷ್ಟ ಇನ್ನೂ ಆಳದ್ದು. ಅವರ ಅನ್ನದ ಬಟ್ಟಲು ಪುಟ ಜೋಡಿಸುವ ಪೇಜ್‌ಮೇಕರ್. ಅದರ ಕಡೆಯ ಆವೃತ್ತಿ ಬಂದದ್ದು 2001ರಲ್ಲಿ, ಅದಕ್ಕೆ ಯೂನಿಕೋಡ್ ಗೊತ್ತೇ ಇಲ್ಲ. ಕನ್ನಡದ ಡಿಟಿಪಿ ಹಳೆಯ ಸಂಕೇತವನ್ನು ಬಿಡದಿರಲು ದೊಡ್ಡ ಕಾರಣ ಇದು. ಎರಡು ದಶಕ ದಾಟಿದ ಸತ್ತ ತಂತ್ರಾಂಶವೊಂದು ಇವತ್ತಿನ ಮದುವೆಗಳ ಅಕ್ಷರವನ್ನು ತೀರ್ಮಾನಿಸುತ್ತಿದೆ. ಇಲ್ಲೂ ಗಮನಿಸಿ, ಕಟ್ಟಿಹಾಕಿದ್ದು ವಿಂಡೋಸ್ ಅಲ್ಲ. ಅದೇ ವಿಂಡೋಸಿನಲ್ಲಿ ಲಿಬ್ರೆಆಫೀಸ್ ಇದೆ, ಅದು ಉಚಿತ, ಯೂನಿಕೋಡ್ ಕನ್ನಡವನ್ನು ಒತ್ತಕ್ಷರ ಸಮೇತ ಸರಿಯಾಗಿ ಜೋಡಿಸುತ್ತದೆ. ಆ ಜೋಡಣೆಯ ಹಿಂದಿರುವುದು ಹಾರ್ಫ್‌ಬಜ್ ಎಂಬ ಸ್ವತಂತ್ರ ತಂತ್ರಾಂಶ. ಆಂಡ್ರಾಯ್ಡಿನಲ್ಲೂ ಕ್ರೋಮಿನಲ್ಲೂ ಫೈರ್‌ಫಾಕ್ಸಿನಲ್ಲೂ ಕನ್ನಡದ ಒತ್ತುಗಳನ್ನು ಕೂಡಿಸುವುದು ಅದೇ. ಮೇಲೆ ಬಡಿದಾಡುವ ಕಂಪನಿಗಳು ಕೆಳಗೆ ಒಂದೇ ಅಡುಗೆಮನೆಯಲ್ಲಿ ಉಣ್ಣುತ್ತಿವೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲು ಬೆಂಬಲ ಮುಗಿಯಿತು. ವಿಂಡೋಸ್ 11 ಹಳೆಯ ಪ್ರೊಸೆಸರುಗಳನ್ನು ಬಾಗಿಲಲ್ಲೇ ತಡೆಯುತ್ತದೆ. ನಮ್ಮಂಥ ಊರುಗಳ ಅಂಗಡಿ, ಶಾಲೆ, ಪಂಚಾಯ್ತಿಗಳಲ್ಲಿ ಧೂಳು ಕುಡಿಯುತ್ತ ಕೂತ ಕಂಪ್ಯೂಟರುಗಳ ಮುಂದೆ ಈಗ ಮೂರು ದಾರಿ: ರಕ್ಷಣೆಯಿಲ್ಲದೆ ಓಡುವುದು, ಗುಜರಿಗೆ ಹೋಗುವುದು, ಇಲ್ಲವೇ ಲಿನಕ್ಸ್ ಹಾಕಿಸಿಕೊಂಡು ಇನ್ನೈದು ವರ್ಷ ಬಾಳುವುದು. ಟ್ಯಾಲಿ ಬೇಡದ, ಬೆರಳಚ್ಚು ಬೇಡದ, ಬರೀ ಅರ್ಜಿ ಮತ್ತು ಪತ್ರ ಟೈಪ್ ಮಾಡುವ ಕಂಪ್ಯೂಟರಿಗೆ ಮೂರನೆಯ ದಾರಿ ಸಾಕು. ಆ ದಾರಿಗೆ ಅಡ್ಡ ಮಲಗಿರುವುದು ಪೌಂಡ್ ಗುರುತಿನ ಹಳೆಯ ಫೈಲುಗಳು ಮಾತ್ರ. ಅವನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ನುಡಿ ಮತ್ತು ಬರಹದ ಈಚಿನ ಆವೃತ್ತಿಗಳಲ್ಲೂ ಯೂನಿಕೋಡ್ ಇದೆ.

ಇಷ್ಟು ತೊಂದರೆ ತೆಗೆದುಕೊಂಡು ಬರುವ ಲಾಭವೇನು ಎಂದು ಕೇಳುವವರಿಗೆ ನಾನು ಪಕ್ಕದ ಬಸವಕಲ್ಯಾಣವನ್ನು ತೋರಿಸುತ್ತೇನೆ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕೂಡಿದ ಆ ಊರಿನ ವಚನಗಳು ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 15 ಸಂಪುಟಗಳಾಗಿ ಅಚ್ಚಾದವು. ‘ವಚನ ಸಂಚಯ’ ಎಂಬ ಯೋಜನೆಯಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ಯೂನಿಕೋಡಿನಲ್ಲಿ ಇವೆ. ‘ಕಾಯಕ’ ಎಂದು ಬರೆದು ಹುಡುಕಿದರೆ ಯಾವ ಯಾವ ವಚನಕಾರರು ಆ ಪದವನ್ನು ಎಲ್ಲೆಲ್ಲಿ ಬಳಸಿದ್ದಾರೆ ಎಂಬುದು ಕ್ಷಣದಲ್ಲಿ ಮುಂದೆ ನಿಲ್ಲುತ್ತದೆ. ಅದನ್ನು ವಿಂಡೋಸಿನಿಂದ ಹುಡುಕಿ, ಐಫೋನಿನಿಂದ ಹುಡುಕಿ, ಎಂಟು ಸಾವಿರದ ಫೋನಿನಿಂದ ಹುಡುಕಿ, ಉತ್ತರ ಒಂದೇ. ಕಣ್ಣು ಕಾಣದವರ ಕಂಪ್ಯೂಟರು ಅದನ್ನು ಗಟ್ಟಿಯಾಗಿ ಓದಿ ಹೇಳುತ್ತದೆ. ಪೌಂಡ್ ಗುರುತಿನ ಫೈಲಿನಲ್ಲಿ ಇದೇ ವಚನಗಳಿದ್ದರೆ ಆ ಯಂತ್ರ ‘ಪಿ, ಎ, ಪೌಂಡ್’ ಎಂದು ಗೊಣಗುತ್ತಿತ್ತು. ಒಂದು ಯಂತ್ರ ಒಳ್ಳೆಯದೋ ಕೆಟ್ಟದ್ದೋ ಎಂದು ನೋಡಲು ನಾನು ಈಗ ಇಟ್ಟುಕೊಂಡಿರುವ ಒರೆಗಲ್ಲು ಇದು: ಇಲ್ಲಿ ಬರೆದದ್ದು ಇಲ್ಲಿಂದ ಹೊರಟು ಇನ್ನೊಂದು ಯಂತ್ರ ಸೇರಿದಾಗ ಒಂದು ಒತ್ತೂ ಕಳಚದೆ ಇಳಿಯುತ್ತದೆಯೇ? ಕ್ಯಾಮೆರಾದ ಮೆಗಾಪಿಕ್ಸೆಲ್ ಆಮೇಲಿನ ಮಾತು.

ಕಾಕಾನ ಫೈಲಿಗೆ ಮರಳುತ್ತೇನೆ. ಅದನ್ನು ತರಿಸಿಕೊಂಡು ಪರಿವರ್ತಕದಲ್ಲಿ ಹಾಕಿ, ಬಂದ ಯೂನಿಕೋಡ್ ಪಠ್ಯವನ್ನು ಅವರ ವಾಟ್ಸಾಪಿಗೆ ಕಳಿಸಿದೆ. ಐದು ನಿಮಿಷದ ಕೆಲಸ. ಕಾಕಾ ಕನ್ನಡಕ ಏರಿಸಿಕೊಂಡು ಸಾಲು ಸಾಲು ಓದಿದರು. ಬೀಗರ ಮನೆತನದ ಹೆಸರಿನಲ್ಲಿ ಒಂದು ಒತ್ತು ಬಿಟ್ಟುಹೋಗಿತ್ತು. ಹೆಬ್ಬೆರಳಿನಿಂದ ತಾವೇ ತಿದ್ದಿ, ಅಂಗಡಿಯ ಹುಡುಗನಿಗೆ ತಿರುಗಿ ಕಳಿಸಿದರು. ಸಂಜೆ ಹುಡುಗ ನನಗೆ ಫೋನ್ ಮಾಡಿದ. ‘ಅಣ್ಣಾ, ಕಾಕಾ ಕಳಿಸಿದ್ದು ನುಡಿ ಇಲ್ಲದನೇ ನನ್ನ ಕಂಪ್ಯೂಟರ್‌ನಾಗ ತೆರೀತಲ್ಲರಿ, ಏನು ಹಾಕೀರಿ ಅದಕ್ಕ?’

‘ನಾ ಏನೂ ಹಾಕಿಲ್ಲಪ್ಪ, ಅದು ನಿನ್ನ ಕಂಪ್ಯೂಟರ್‌ನಾಗ ಮೊದಲಿಂದ ಇದ್ದದ್ದೇ’ ಎಂದೆ.